ದಿಲ್ಲಿಯ ಬಂಗಲೆ, ಎರಡು ಹಿಡಿ ಉಪ್ಪು

ನಾನು ಚಿಕ್ಕವನಿದ್ದಾಗ ದಿಲ್ಲಿಯೊಳಗೆ ಎರಡು ದಿಲ್ಲಿಗಳಿದ್ದವು ಮಕ್ಕಳೇ. ನನ್ನ ತಪ್ಪಿನಿಂದ ನಾವು ಒಂದರಿಂದ ಇನ್ನೊಂದಕ್ಕೆ ಹೋಗಿ ಬಿದ್ದೆವು. ಹೊಸ ದಿಲ್ಲಿ ಬ್ರಿಟಿಷರು ತಮಗಾಗಿ ಕಟ್ಟಿಸಿಕೊಂಡದ್ದು. ಅಗಲವಾದ ರಸ್ತೆ, ಎರಡೂ ಬದಿ ನೇರಳೆ ಮರ, ದೊಡ್ಡ ಹುಲ್ಲುಹಾಸಿನ ನಡುವೆ ಬಿಳಿ ಕಂಬಗಳ ಬಂಗಲೆ. ಅವರು ದೇಶ ಬಿಟ್ಟು ಬಹಳ ವರ್ಷವಾಗಿತ್ತು, ಆದರೆ ಅವರ ಕಟ್ಟಳೆ ಹೋಗಿರಲಿಲ್ಲ. ಬಿಳಿ ಸಾಹೇಬರ ಕುರ್ಚಿಯಲ್ಲಿ ನಮ್ಮವರೇ ಸಾಹೇಬರಾಗಿ ಕೂತಿದ್ದರು, ಅಷ್ಟೆ.

ಅಪ್ಪ ಉಡುಪಿ ಕಡೆಯವರು. ಅಂಥ ಒಂದು ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಹಿತ್ತಲ ಸಾಲಿನಲ್ಲಿ ನಮಗೊಂದು ಕೋಣೆ ಕೊಟ್ಟಿದ್ದರು. ಮುಂದಿನ ಗೇಟು ನಮ್ಮದಲ್ಲ. ಹಿಂದಿನ ಓಣಿಯಿಂದ ಬಂದು ಹೋಗಬೇಕು. ಒಗ್ಗರಣೆಯ ಹೊಗೆ ಸಾಹೇಬರ ಮೂಗಿಗೆ ತಾಗಬಾರದೆಂದು ಅಡುಗೆಮನೆಯನ್ನೂ ದೂರ ಕಟ್ಟಿದ್ದರು. ಊಟದ ಮೇಜಿನ ಹತ್ತಿರ ಗುಂಡಿ ಒತ್ತಿದರೆ ನಮ್ಮ ತಲೆಯ ಮೇಲೆ ಗಂಟೆ ಕಿರ್ರೆನ್ನುತ್ತಿತ್ತು. ಆ ಸದ್ದಿಗೆ ಅಪ್ಪ ಬೆಚ್ಚಿ ಬೀಳುತ್ತಿದ್ದರು.

ಅಮ್ಮ ಇರಲಿಲ್ಲ. ನನ್ನನ್ನು ಸಾಕಿದ್ದು ಅಕ್ಕನೇ. ಅವಳಿಗೆ ಹದಿಮೂರು, ನನಗೆ ಏಳು. ಎರಡು ರಸ್ತೆ ಆಚೆ ಅವಳ ಶಾಲೆ. ದೊಡ್ಡವಳಾಗಿ ಟೀಚರ್ ಆಗುತ್ತೇನೆಂದು ನನ್ನನ್ನೇ ಎದುರು ಕೂರಿಸಿಕೊಂಡು ಪಾಠ ಮಾಡುತ್ತಿದ್ದಳು. ತಪ್ಪಿದರೆ ಕಿವಿ ಹಿಂಡುತ್ತಿದ್ದಳು. ಅಬ್ಬಾ, ಏನು ಉರಿ!

ಹಳೆಯ ಸಾಹೇಬರಿಗೆ ವರ್ಗವಾಯಿತು. ಹೊಸಬರು ಬಂದ ಮೊದಲ ಭಾನುವಾರ ಹತ್ತು ಜನ ಅತಿಥಿಗಳಿಗೆ ಊಟ. ಅಡುಗೆ ಹಿಡಿಸಿದರೆ ಅಪ್ಪನನ್ನು ಉಳಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಕೆಲಸವೂ ಇಲ್ಲ, ಕೋಣೆಯೂ ಇಲ್ಲ, ಅಕ್ಕನಿಗೆ ಶಾಲೆಯೂ ಇಲ್ಲ. ಬೆಳಿಗ್ಗೆಯಿಂದ ಅಪ್ಪ ಕಾಫಿಯನ್ನೂ ಕುಡಿಯದೆ ಒಲೆಯ ಮುಂದೆ ನಿಂತಿದ್ದರು. ಕೊತ್ತಂಬರಿ, ಮೆಂತ್ಯ ಹುರಿದ ಘಮ ಓಣಿಯವರೆಗೂ ಹರಡಿತ್ತು.

ನಮ್ಮ ಕಡೆ ಒಂದು ಪದ್ಧತಿ ಉಂಟು. ದೇವರಿಗೆ ನೈವೇದ್ಯ ಆಗುವ ತನಕ ಅಡುಗೆಯವರು ರುಚಿ ನೋಡುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಕೈಯಳತೆ. ಅಪ್ಪನ ಕೈ ಒಂದು ದಿನವೂ ತಪ್ಪಿದ್ದಿಲ್ಲ.

“ಹುಳಿಗೆ ಎರಡು ಹಿಡಿ ಉಪ್ಪು ಹಾಕು ಮಗಾ,” ಎಂದು ಅಕ್ಕನಿಗೆ ಹೇಳಿ ಅಪ್ಪ ಪಾಯಸ ತಿರುವಲು ಹೋದರು. ಅಕ್ಕ ಹಾಕಿದಳು. ನಾನು ಅದನ್ನು ನೋಡಲಿಲ್ಲ. ಅವಳು ಕರಿಬೇವು ತರಲು ಓಡಿದ್ದು ಮಾತ್ರ ನೋಡಿದೆ, ಉಪ್ಪು ಮರೆತೇ ಹೋದಳು ಅಂದುಕೊಂಡೆ. ಅವಳಿಗೆ ಬೈಗುಳ ತಪ್ಪಲಿ, ನನಗೂ ಜಾಣ ಅನ್ನಿಸಿಕೊಳ್ಳುವ ಆಸೆ. ಮಣೆ ಹತ್ತಿ ನಾನೂ ಎರಡು ಹಿಡಿ ಹಾಕಿಬಿಟ್ಟೆ.

ಗೂಡಿನ ದೇವರಿಗೆ ನೈವೇದ್ಯವಾಗುತ್ತಿದ್ದ ಹಾಗೆ ಗಂಟೆ ಕಿರ್ರೆಂದಿತು. ರುಚಿ ನೋಡಲು ಪುರುಸೊತ್ತಾಗಲಿಲ್ಲ. ಹುಳಿ ಹಾಗೇ ಒಳಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಸಾಹೇಬರೇ ಅಡುಗೆಮನೆಗೆ ಬಂದರು. ಅಡುಗೆಯವರನ್ನು ಅಲ್ಲಿ ಮಹಾರಾಜ್ ಅಂತಲೇ ಕರೆಯುವುದು. “ಮಹಾರಾಜ್, ಅತಿಥಿಗಳ ಮುಂದೆ ನನ್ನ ಮರ್ಯಾದೆ ತೆಗೆದಿರಿ. ಈ ವಾರದೊಳಗೆ ಕೋಣೆ ಖಾಲಿ ಮಾಡಿ,” ಎಂದು ಹಿಂದಿಯಲ್ಲಿ ಹೇಳಿ, ಉತ್ತರಕ್ಕೆ ಕಾಯದೆ ಹೋದರು.

ಅಪ್ಪ ಹುಳಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು. ಮುಖ ಸಪ್ಪಗಾಯಿತು. “ಎಷ್ಟು ಹಾಕಿದ್ದು ಮಾರಾಯ್ತಿ?”

“ಎರಡೇ ಹಿಡಿ ಅಪ್ಪ...” ಅಕ್ಕ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. “ಗಡಿಬಿಡಿಯಲ್ಲಿ ಮತ್ತೊಂದು ಸಲ ಹಾಕಿದ್ನೋ ಎಂತದೋ. ನಂಗೆ ನೆನಪೇ ಇಲ್ಲ.”

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅಪ್ಪ ಹೊಡೆಯುವವರಲ್ಲ, ಆದರೂ ಬಿಡಲಿಲ್ಲ. ಹೇಡಿ ನಾನು. “ಹೋಗಲಿ ಬಿಡು, ನಮ್ಮ ಗ್ರಹಚಾರ,” ಎಂದು ಅಪ್ಪ ಒಲೆಯ ಬೆಂಕಿ ಆರಿಸಿದರು.

ಆ ವಾರವೇ ಟಾಂಗಾದಲ್ಲಿ ಪಾತ್ರೆಪಗಡೆ ಹೇರಿಕೊಂಡು ಹಳೆ ದಿಲ್ಲಿಗೆ ಹೋದೆವು. ಕೈಚಾಚಿದರೆ ಎದುರು ಮನೆಯ ಗೋಡೆ ಸಿಗುವಷ್ಟು ಇಕ್ಕಟ್ಟಾದ ಗಲ್ಲಿ. ತಲೆಯ ಮೇಲೆ ತಂತಿಗಳ ಗೋಜಲು, ಕಾಲಡಿ ಚರಂಡಿ, ಕರಿದ ಎಣ್ಣೆಯ ಕಮಟು. ಮೂರನೇ ಮಹಡಿಯ ಕೋಣೆಗೆ ಬಿಸಿಲೇ ಬರುತ್ತಿರಲಿಲ್ಲ. ಅಪ್ಪ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯಲು ನಿಂತರು, ಅಕ್ಕ ಅಲ್ಲೇ ಹಿಟ್ಟು ರುಬ್ಬಲು ಕೂತಳು. ಶಾಲೆ ಊರಿನ ಆ ತುದಿಗೆ ಉಳಿಯಿತು. ಪುಸ್ತಕಗಳನ್ನು ಅವಳು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟಳು. ಆಮೇಲೆ ನನ್ನ ಕಿವಿಯನ್ನೂ ಹಿಂಡಲಿಲ್ಲ.

ಈಗ ಜರ್ಮನಿಯಲ್ಲಿ ನಿಮ್ಮ ಈ ಸ್ಟುಟ್‌ಗಾರ್ಟ್ ನೋಡುತ್ತೇನೆ. ಮನೆಗೆ ಇರುವುದು ಒಂದೇ ಬಾಗಿಲು, ಎಲ್ಲರೂ ಅದರಲ್ಲೇ ಬರುತ್ತಾರೆ. ನಿಮ್ಮಪ್ಪ ಇದೇ ಊರಿನ ಫೊಯರ್‌ಬಾಕ್‌ನ ಕಾರ್ಖಾನೆಯಲ್ಲಿ ಮೇಲಿನವರನ್ನೂ ಹೆಸರು ಹಿಡಿದೇ ಕರೆಯುತ್ತಾನೆ. ಮೊನ್ನೆ ನೀನು ಕೆಳಮನೆಯ ಅಜ್ಜಿಯ ಹೂಕುಂಡ ಒಡೆದೆಯಲ್ಲ ಪುಟ್ಟಿ, ನೀನೇ ಬೆಲ್ ಒತ್ತಿ, “ನಾನೇ ಒಡೆದದ್ದು” ಎಂದು ಜರ್ಮನ್‌ನಲ್ಲಿ ಹೇಳಿ, ಬಿಸ್ಕತ್ತು ತಿಂದು ಬಂದೆ. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. ನನಗೆ ಅಳು ಬಂತು.

“ಅಜ್ಜ, ನೀವೂ ಜಸ್ಟ್ ಹೇಳ್ಬಿಡ್ಬೇಕಿತ್ತಲ್ವಾ?” ಎಂದು ಈಗ ಕೇಳುತ್ತಿದ್ದೀಯ. ಹೌದು ಕಂದಾ, ಹೇಳಬೇಕಿತ್ತು. ಅರವತ್ತು ವರ್ಷಕ್ಕೂ ಹೆಚ್ಚು ಸಮಯವಿತ್ತು ನನಗೆ. ಹೋದ ಚಳಿಗಾಲ ಆಸ್ಪತ್ರೆಯಿಂದ ಅಕ್ಕ ವಿಡಿಯೊ ಕಾಲ್ ಮಾಡಿದಾಗಲೂ ಇಲ್ಲಿಯ ಹಿಮದ ವಿಷಯ ಮಾತಾಡಿ ಫೋನ್ ಇಟ್ಟೆ. ಅದಾದ ಎರಡು ದಿನಕ್ಕೆ ಅವಳು ತೀರಿಕೊಂಡಳು. ಮನೆ ಹೋದದ್ದು, ಶಾಲೆ ಹೋದದ್ದು, ಅಪ್ಪ ತಲೆ ತಗ್ಗಿಸಿದ್ದು, ಎಲ್ಲವೂ ತನ್ನ ಕೈಯಿಂದಲೇ ಆಯಿತು ಅಂದುಕೊಂಡೇ ಹೋದಳು.