ಸಮರ್ಪಕ ಉತ್ತರ ನೀಡಲಿಲ್ಲ

ಕೊರೊನಾ ಮುಗಿದ ಮರುವರ್ಷ ನಾನು ಪುಣೆಯಲ್ಲಿ, ಮಗರಪಟ್ಟಾದ ಆಚೆಗಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಬೆಳಗಿನ ಪಾಳಿಯ ಸೆಕ್ಯುರಿಟಿ ಗಾರ್ಡ್ ಆಗಿದ್ದೆ. ಮೂಲ ಇಂಡಿ ತಾಲ್ಲೂಕು, ಓದಿದ್ದು ಮ್ಯಾಟ್ರಿಕ್. ಅಕ್ಷರ ದುಂಡಗಿದ್ದುದರಿಂದ ಇನ್ಸಿಡೆಂಟ್ ರಿಪೋರ್ಟ್, ಅಂದರೆ ಪಾಳಿಯಲ್ಲಿ ನಡೆದ ಘಟನೆಯ ವರದಿ ಬರೆಯುವ ಕೆಲಸ ನನ್ನದಾಗಿತ್ತು. ಮುಂದಿನ ಪಾಳಿಯ ಗಾರ್ಡ್ ಅದನ್ನು ಓದಿಯೇ ಏನು ಮಾಡಬೇಕೆಂದು ನಿರ್ಧರಿಸುತ್ತಾನೆ.

ವರದಿ ಮರಾಠಿಯಲ್ಲಿರಬೇಕು, ಚಿಕ್ಕದಿರಬೇಕು. "ಕಾಕಾ, ಗೋಷ್ಟ ನಕೋ, ರಿಪೋರ್ಟ್ ಪಾಹಿಜೆ," ಕಥೆ ಬೇಡ, ವರದಿ ಬೇಕು ಎಂದು ಸೂಪರ್‌ವೈಜರ್ ಹೇಳುತ್ತಿದ್ದ. ನಾವು ಕೆಲವು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆವು. ಸಂಶಯಾಸ್ಪದವಾಗಿ ಕಂಡುಬಂದರು. ಸಮರ್ಪಕ ಉತ್ತರ ನೀಡಲಿಲ್ಲ. ಗೇಟಿನಲ್ಲಿ ತಡೆಯಲಾಗಿದೆ. ಯಾರನ್ನು ಹಿಡಿದರೂ ಇವೇ. ತಪ್ಪಿಲ್ಲದೆ ಬರೆಯುತ್ತೇನೆಂದು ನನಗೆ ಹೆಮ್ಮೆಯಿತ್ತು.

ಆ ವಾರ ಒಂದು ಫ್ಲ್ಯಾಟಿನಲ್ಲಿ ಬಳೆ ಕಳೆದು, ಕಮಿಟಿಯವರು ನಮ್ಮನ್ನು ಬೈದಿದ್ದರು. ಅದೇ ವಾರ ಒಂದು ಮಧ್ಯಾಹ್ನ ಗಸ್ತಿಗೆ ಹೋದಾಗ ಬಿ ವಿಂಗ್‌ನ ಮೆಟ್ಟಿಲ ಮೇಲೆ ಮನೆಗೆಲಸದ ಮಲ್ಲಮ್ಮ ಕುಳಿತಿದ್ದಳು. ಯಾದಗಿರಿ ಕಡೆಯವಳು. ದಿನಾ ಗೇಟು ದಾಟುವಾಗ, "ಏನ್ರೀ ಇಂಡಿ ಸಾಹೇಬ್ರ, ಸೀಟಿ ಊದಿದ್ರ ಹೊಟ್ಟಿ ತುಂಬತದೇನ್ರಿ?" ಎಂದು ಛೇಡಿಸುತ್ತಿದ್ದಳು. ಅಂದು ತಲೆಯನ್ನೇ ಎತ್ತಲಿಲ್ಲ.

"ಇಲ್ಲಿ ಯಾಕ ಕುಂತೀದಿ? ಚೀಲದಾಗ ಏನದ?"

"ಅಣ್ಣಾ... ಬಲಗೈ ಎತ್ಲಾಕ ಬರವಲ್ದು. ನಾಲಿಗಿ ದಪ್ಪ ಆಗ್ಯಾದ."

ಮಾತು ತೊದಲುತ್ತಿತ್ತು. "ನಾಟಕ ಸಾಕು ಮಾಡು," ಎಂದೆ. ಚೀಲದಲ್ಲಿ ಎರಡು ರೊಟ್ಟಿ, ಒಂದು ಬಾಚಣಿಗೆ. ಆದರೂ ರಟ್ಟೆ ಹಿಡಿದು ಇಳಿಸಿದೆ. ಆಕೆ ಬಲಗಾಲು ಎಳೆಯುತ್ತಿದ್ದಳು. ಅದನ್ನು ನೋಡಿದೆ. ನೋಡಲಿಲ್ಲವೆಂದರೆ ಸುಳ್ಳಾಗುತ್ತದೆ.

ನನ್ನ ಪಾಳಿ ಮುಗಿದಿತ್ತು. ಆಕೆಯನ್ನು ಕ್ಯಾಬಿನ್ನಿನ ಬೆಂಚಿನ ಮೇಲೆ ಕೂರಿಸಿ, ಬಾಯಿಪಾಠದ ವಾಕ್ಯಗಳನ್ನು ಬರೆದು ಬಸ್ಸು ಹಿಡಿದೆ. ಆಕೆ ಹೇಳಿದ್ದು ಕನ್ನಡದಲ್ಲಿ, ವರದಿ ಮರಾಠಿಯಲ್ಲಿ. ಅಲ್ಲಿ ಅವಳ ಮಾತು ತಿಳಿಯುವವನು ನಾನೊಬ್ಬನೇ. ಆ ಮಾತನ್ನು ನಾನೇ ಬರೆಯದೆ ಬಿಟ್ಟೆ.

ಮರುದಿನ ಗೇಟಿಗೆ ಬಂದಾಗ, ನನ್ನ ನಂತರ ಪಾಳಿಗೆ ಬಂದಿದ್ದ ಶಿಂದೆ ಇನ್ನೂ ಮನೆಗೆ ಹೋಗದೆ ತಲೆ ಹಿಡಿದುಕೊಂಡು ಕೂತಿದ್ದ. "ಕಾಕಾ, ತಿಲಾ ಲಕ್ವಾ ಝಾಲಾ," ಎಂದ. ಮಲ್ಲಮ್ಮನಿಗೆ ಲಕ್ವ ಹೊಡೆದಿತ್ತು. ಆಕೆ ಏನೋ ಹೇಳಲು ಹೆಣಗಿದಾಗಲೆಲ್ಲ ಅವನು ನನ್ನ ವರದಿ ನೋಡಿ, ಸರಿಯಾಗಿ ಉತ್ತರ ಕೊಡುತ್ತಿಲ್ಲವೆಂದೇ ತಿಳಿದಿದ್ದ. ಸಂಜೆ ಸೊಸೈಟಿಯ ಸೆಕ್ರೆಟರಿ ಬಂದು, ಸೊಟ್ಟಗಾದ ಬಾಯಿ ಕಂಡು ಚೀರಿದ ಮೇಲೆಯೇ ಆಸ್ಪತ್ರೆ.

ನಾನು ಆಸ್ಪತ್ರೆಗೆ ಓಡಿದೆ. ಸೆಕ್ರೆಟರಿ ಕಳಿಸಿದ್ದ ವರದಿಯ ಫೋಟೋ ಡಾಕ್ಟರ ಮೊಬೈಲಿನಲ್ಲಿತ್ತು. "ಮೊದಲ ಕೆಲವು ಗಂಟೆಗಳೊಳಗೆ ಬಂದಿದ್ದರೆ ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಕೊಡಬಹುದಿತ್ತು. ಯಾವಾಗ ಶುರುವಾಯಿತು? ಇದರಲ್ಲಿ ಏನೂ ಇಲ್ಲವಲ್ಲ?" ಎಂದು ಮರಾಠಿಯಲ್ಲಿ ಕೇಳಿದರು. ನಂತರ ಗಟ್ಟಿಯಾಗಿ ಓದಿದರು: "ಸಮರ್ಪಕ ಉತ್ತರ ನೀಡಲಿಲ್ಲ." ಓದಿ ಮಂಚದ ಕಡೆ ನೋಡಿದರು. ಮಲ್ಲಮ್ಮನ ಕಣ್ಣು ನನ್ನ ಮೇಲಿತ್ತು.

"ಮಲಾ ಮಾಹೀತ್ ನಾಹೀ," ನನಗೆ ಗೊತ್ತಿಲ್ಲ ಎಂದೆ. ಆಕೆಯ ಎದುರಿಗೇ ಹಾಗೆಂದೆ.

ಕೆಲಸ ಹೋದದ್ದು ಶಿಂದೆಯದು. "ಕಾಕಾ, ತುಮಚಾ ರಿಪೋರ್ಟ್ ಬರೋಬರ್ ಆಹೆ," ನಿಮ್ಮ ವರದಿ ಸರಿಯಾಗಿದೆ ಎಂದು ಸೂಪರ್‌ವೈಜರ್ ನನ್ನ ಬೆನ್ನು ತಟ್ಟಿದ. ನಾನು ಮತ್ತೆ ಗೇಟಿಗೆ ಹೋಗಿ ನಿಂತೆ. ಬಳೆ ಆ ಫ್ಲ್ಯಾಟಿನ ವಾಷಿಂಗ್ ಮಷೀನಿನಲ್ಲೇ ಸಿಕ್ಕಿತು.

ಮಲ್ಲಮ್ಮ ಈಗ ಕಾತ್ರಜದಲ್ಲಿ ಮಗಳ ಮನೆಯಲ್ಲಿದ್ದಾಳೆ. ಮಾತು ಮರಳಿಲ್ಲ. ಕೆಲಸ ಬಿಟ್ಟ ಮೇಲೆ ಹೋಗಿ ಎಲ್ಲ ಹೇಳಿದೆ. ಆಕೆ ಮುಖ ಗೋಡೆಗೆ ತಿರುಗಿಸಿದಳು. "ಇದನ್ನ ಅವತ್ತೇ ಹೇಳಿದ್ರ ಆಗ್ತಿತ್ತಲ್ರಿ," ಎಂದಳು ಮಗಳು. ಚಹಾ ಕೇಳಲಿಲ್ಲ.

ಗಾರ್ಡ್ ಬರೆಯಬೇಕಾದದ್ದು ಕಣ್ಣು ಕಂಡದ್ದು, ಕಿವಿ ಕೇಳಿದ್ದು. ಉಳಿದದ್ದನ್ನು ಓದುವವರು ನಿರ್ಧರಿಸಲಿ. ಈ ನೌಕರಿ ನನಗೆ ಕಲಿಸಿದ್ದು ಇದೊಂದೇ, ಅದೂ ತಡವಾಗಿ. ಅಂದು ನಾನು ಬರೆಯಬೇಕಿದ್ದ ವರದಿ ಇದು:

ಮಧ್ಯಾಹ್ನ ಬಿ ವಿಂಗ್ ಮೆಟ್ಟಿಲ ಮೇಲೆ ಮಲ್ಲಮ್ಮ ಕುಳಿತಿದ್ದರು. ಬಲಗೈ ಎತ್ತಲು ಬರುತ್ತಿಲ್ಲ, ನಾಲಿಗೆ ದಪ್ಪವಾಗಿದೆ ಎಂದರು. ಮಾತು ತೊದಲುತ್ತಿದೆ. ಬಲಗಾಲು ಎಳೆಯುತ್ತಿದ್ದಾರೆ. ನಾನೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ.