ಪುಸ್ತಕ ಮುಟ್ಟದೆ ಹೇಳಿದ ಸಾಕ್ಷಿ

ಮಧ್ಯಾಹ್ನ ಒಂದು ಗಂಟೆಗೆ ಮೇಲಿನ ಮನೆಯ ಟಿವಿಯಿಂದ ಢಣ್ ಎಂಬ ಸದ್ದು ಮೂರು ಸಲ ಬಂದರೆ ಯಾರೋ ಕಟಕಟೆ ಹತ್ತಿದರು ಎಂದೇ ಅರ್ಥ. ಇವತ್ತೂ ಬಂತು. ನಾನು ಅಡುಗೆಮನೆಯಲ್ಲಿ ಕೂತು ಬಸಳೆ ಬಿಡಿಸುತ್ತಿದ್ದೆ. ನಮ್ಮ ಮನೆಯಲ್ಲಿ ಈಗ ಆ ಹೊತ್ತಿಗೆ ಟಿವಿ ಹಾಕುವುದಿಲ್ಲ. ಆದರೆ ಮುಂಬಯಿ ಹತ್ತಿರದ ಈ ಡೊಂಬಿವಿಲಿಯ ಬಿಲ್ಡಿಂಗುಗಳಲ್ಲಿ ಪಕ್ಕದವರ ಒಗ್ಗರಣೆ ನಮ್ಮ ಮೂಗಿಗೆ, ಮೇಲಿನವರ ಸೀರಿಯಲ್ಲು ನಮ್ಮ ಕಿವಿಗೆ, ಬೇಡವೆಂದರೂ ಪಾಲು ಬರುತ್ತದೆ. "ಗೀತಾ ಪರ್ ಹಾಥ್ ರಖಕರ್..." ಗೀತೆಯ ಮೇಲೆ ಕೈಯಿಟ್ಟು ಹೇಳು ಎಂದು ಗಂಡಸೊಬ್ಬ ಗುಡುಗಿದ. ಸೊಪ್ಪು ಅಲ್ಲೇ ಬಿಟ್ಟು ಫೋನು ಕೈಗೆತ್ತಿಕೊಂಡೆ.

ಫೋನಿನಲ್ಲಿ ಬರೆಯಲು ಕಲಿತು ಎರಡು ತಿಂಗಳಾಯಿತು ಅಷ್ಟೇ. ಮೊಮ್ಮಗಳು ಮೈತ್ರಿ ಕಲಿಸಿದ್ದು. ಅವಳಿಗೆ ಹದಿಮೂರು, ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಓದಲು ಬಾರದವಳು ನನಗೆ ಬರೆಯಲು ಕಲಿಸಿದಳು ಎಂದರೆ ನಮ್ಮ ಮನೆಯ ವ್ಯವಹಾರ ನಿಮಗೆ ತಿಳಿದುಹೋಗಬೇಕು. ನನ್ನದು ಒಂದೇ ಬೆರಳಿನ ಕೆಲಸ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಕುಕ್ಕರು ಮೂರು ಸೀಟಿ ಹೊಡೆದಿರುತ್ತದೆ. ನೀವು ಅವಸರದವರಾದರೆ ಇಲ್ಲೇ ಎದ್ದುಹೋಗಿ, ನನಗೆ ಬೇಸರವಿಲ್ಲ.

ಒಂದು ಕಾಲದಲ್ಲಿ ಒಂದು ಗಂಟೆಯ ಸೀರಿಯಲ್ಲೆಂದರೆ ನನಗೆ ದೇವರ ದೀಪಕ್ಕಿಂತ ಮುಖ್ಯ. ದೀಪ ಹತ್ತು ನಿಮಿಷ ತಡವಾದರೆ ದೇವರು ಸುಮ್ಮನಿರುತ್ತಾನೆ, ಸೀರಿಯಲ್ಲು ಕಾಯುತ್ತದೆಯೇ? ಆಗ ಬರುತ್ತಿದ್ದುದರಲ್ಲಿ ಒಬ್ಬ ದುಷ್ಟ ಅತ್ತೆ, ಅವಳ ಮೈತುಂಬ ಬಂಗಾರ, ಅವಳು ಸೊಸೆಯ ಮೇಲೆ ಹಾಕಿದ ಸುಳ್ಳು ಕೇಸು. ಆ ಕೇಸು ಒಂದೂವರೆ ವರ್ಷ ನಡೆಯಿತು. ನನ್ನ ಸೊಸೆ ಸ್ವಾತಿಗೆ ತುರ್ಭೆಯ ಒಂದು ಕಂಪನಿಯಲ್ಲಿ ಕೆಲಸ, ಬುಧವಾರ ರಜೆ. ಬುಧವಾರ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಹಪ್ಪಳ ಇಟ್ಟುಕೊಂಡು, ನಡುವೆ ಐದು ವರ್ಷದ ಮೈತ್ರಿಯನ್ನು ಕೂರಿಸಿಕೊಂಡು, ಆ ಅತ್ತೆಗೆ ಶಾಪ ಹಾಕುತ್ತಿದ್ದೆವು.

"ಅತ್ತೆ, ಇವಳು ಇಷ್ಟೆಲ್ಲ ಬಂಗಾರ ಹಾಕಿಕೊಂಡು ಮಲಗುದು ಹೇಗೆ?"

"ಮಲಗಿದರೆ ಅಲ್ವಾ ಮಾರಾಯ್ತಿ! ಸೊಸೆಯ ಹಾಲಿಗೆ ಎಂತದೋ ಬೆರೆಸುದರಲ್ಲೇ ಅವಳಿಗೆ ಬೆಳಗಾಗ್ತದೆ."

ಸ್ವಾತಿ ನಗುತ್ತಿದ್ದಳು. ಒಮ್ಮೆ ನನ್ನ ಭುಜಕ್ಕೆ ತಲೆ ಒರಗಿಸಿ, "ನಂಗೆ ಇಂಥದ್ದು ಸಿಗ್ಲಿಲ್ಲ, ಪುಣ್ಯ" ಎಂದಳು. ಮರೆಯಬೇಕೆಂದು ಏಳು ವರ್ಷದಿಂದ ಪ್ರಯತ್ನಿಸುತ್ತಿರುವ ಮಾತು ಅದು.

ಮೈತ್ರಿಗೆ ಜ್ವರ ಬಂದ ಆ ಶುಕ್ರವಾರ ಸ್ವಾತಿ ಔಷಧಿ ಕುಡಿಸಿ, ಚಪ್ಪಲಿ ಮೆಟ್ಟುತ್ತಾ, "ಅತ್ತೆ, ಇವಳನ್ನು ಬಿಟ್ಟು ಎಲ್ಲಿಗೂ ಹೋಗ್ಬೇಡಿ ಆಯ್ತಾ" ಎಂದು ಹೇಳಿ ಹೋದಳು. ಸೀರಿಯಲ್ಲಿನಲ್ಲಿ ಅವತ್ತು ತೀರ್ಪು. ಹನ್ನೆರಡೂವರೆಗೆ ನಮ್ಮ ಬಿಲ್ಡಿಂಗಿನ ಕರೆಂಟು ಹೋಯಿತು. ಎದುರಿನ ಬಿಲ್ಡಿಂಗಿನಲ್ಲಿ ಇತ್ತು. ಅಲ್ಲಿ ನನ್ನ ಗೆಳತಿ ಸರೋಜಕ್ಕ ಇದ್ದಳು, ಅವಳ ಟಿವಿ ಇತ್ತು. ಮಗು ನಿದ್ರೆ ಹೋಗಿತ್ತು. ಅರ್ಧ ಗಂಟೆ ತಾನೇ ಎಂದು ಹೊರಗಿನಿಂದ ಬೀಗ ಹಾಕಿ ಹೋದೆ. ಅದೇ ಎಪಿಸೋಡು ಸಂಜೆ ಮತ್ತೆ ಬರುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ, ನೀವು ನನ್ನ ಮೇಲೆ ಕನಿಕರ ಪಡುವುದು ಬೇಡ.

ತೀರ್ಪು ಬರಲಿಲ್ಲ, ಮುಂದಿನ ವಾರಕ್ಕೆ ಹೋಯಿತು. ವಾಪಸು ಬಂದರೆ ಕೆಳಗೆ ಜನ. ಮೈತ್ರಿ ಕಿಟಕಿಯ ಗ್ರಿಲ್ ಹಿಡಿದು ಕಿರುಚುತ್ತಿದ್ದಳು. ಮೈಮೇಲೆಲ್ಲ ವಾಂತಿ. ಯಾರೋ ಸ್ವಾತಿಗೆ ಫೋನು ಮಾಡಿದ್ದರು. ತುರ್ಭೆಯಿಂದ ಲೋಕಲ್ ರೈಲಿನಲ್ಲಿ ಠಾಣೆ, ಅಲ್ಲಿ ಗಾಡಿ ಬದಲಿಸಿ ಡೊಂಬಿವಿಲಿ. ಅವಳು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ನನಗೆ ಒಂದು ಮಾತೂ ಬಯ್ಯದೆ ಮಗುವಿಗೆ ಸ್ನಾನ ಮಾಡಿಸಿದಳು. ಬಯ್ದಿದ್ದರೆ ಚೆನ್ನಾಗಿತ್ತು.

ನನ್ನ ಮಗ ಗುರುವಿಗೂ ಅವಳಿಗೂ ಕೂಡಿಬರಲಿಲ್ಲ. ಕಾರಣ ದೊಡ್ಡದೇನಲ್ಲ. ಅವಳಿಗೆ ಪ್ರಮೋಷನ್ ಬಂತು, ಇವನು ಕೆಲಸ ಬಿಡು ಎಂದ, ಅವಳು ಬಿಡಲಿಲ್ಲ. ಮಾತಿಗೆ ಮಾತು ಬೆಳೆದು ಎರಡು ಮನೆಯ ಹಿರಿಯರೂ ಸೋತ ಮೇಲೆ ಠಾಣೆ ಪಟ್ಟಣದ ಕೋರ್ಟು. ಸಾಮಾನು, ಸರ ಎಲ್ಲ ಬೇಗ ಹಂಚಿಹೋಯಿತು. ಉಳಿದದ್ದು ಮೈತ್ರಿ.

ಮಾಜಿವಾಡಾದ ಆಫೀಸಿನಲ್ಲಿ ಗುರು, ನಾನು, ವಕೀಲರು, ಮೂವರೇ. ವಕೀಲರು ಮರಾಠಿಯವರು, ಬಹಳ ಸಭ್ಯರು. "ಮಗುವನ್ನು ತಾಯಿ ನೋಡಿಕೊಳ್ಳಲಿಲ್ಲ ಅನ್ನಲಿಕ್ಕೆ ಒಂದು ಘಟನೆ ಬೇಕು" ಎಂದರು. ಗುರು ಬೀಗದ ಕಥೆ ಹೇಳಿದ. "ಬೀಗ ಯಾರು ಹಾಕಿದ್ದು?" ಎಂದು ಅವರು ಕೇಳಿದಾಗ ಅವನು ನನ್ನನ್ನು ನೋಡಿದ. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ವಕೀಲರು ಪೆನ್ನಿನ ಮುಚ್ಚಳ ತೆಗೆದರು. ಆ ದಿನ ನಾನು ಊರಲ್ಲೇ ಇರಲಿಲ್ಲ, ತಾಯಿ ಮಗುವನ್ನು ಕೂಡಿಹಾಕಿ ಕೆಲಸಕ್ಕೆ ಹೋದಳು ಎಂದು ಇಂಗ್ಲಿಷಿನಲ್ಲಿ ಎರಡು ಪುಟ ಆಯಿತು. ನಾನು ಸಹಿ ಹಾಕಿದೆ.

ಮನೆಗೆ ಬಂದು ಗುರುವನ್ನು ಕೇಳಿದೆ, "ಕೋರ್ಟಲ್ಲಿ ಆಣೆ ಹಾಕ್ಬೇಕಲ್ಲಾ ಮಗಾ?"

"ಅಮ್ಮ, ಮೈತ್ರಿ ಬೇಕಾ ಬೇಡ್ವಾ ನಿಂಗೆ?"

ನಮ್ಮ ಉಡುಪಿ ಕಡೆ ಆಣೆ ಎಂದರೆ ಆಟವಲ್ಲ. ಮಿಂದು, ಒದ್ದೆ ಬಟ್ಟೆಯಲ್ಲಿ ದೈವದ ಗುಡಿಯ ಎದುರು ನಿಂತು ಹೇಳಬೇಕು. ಒಂದು ತೆಂಗಿನಮರದ ತಕರಾರಿನಲ್ಲಿ ನನ್ನ ಅಪ್ಪನಿಗೆ ಆಣೆ ಹಾಕು ಎಂದರು. ಮರ ಅಪ್ಪನದೇ. ಆದರೂ ಗುಡಿಯ ಮೆಟ್ಟಿಲಲ್ಲಿ ಹೆದರಿ, "ಮರ ನೀವೇ ಇಟ್ಟುಕೊಳ್ಳಿ" ಎಂದು ತಿರುಗಿ ಬಂದರು. ಸತ್ಯ ಹೇಳಲಿಕ್ಕೇ ಅಷ್ಟು ಹೆದರುತ್ತಿದ್ದವರ ಮಗಳು ನಾನು. ಹಾಗಾಗಿ ಕೋರ್ಟಿಗೆ ಹೋಗುವ ದಿನ ರೈಲಿನಲ್ಲಿ ಒಂದೇ ಯೋಚನೆ. ಕೆಂಪು ಬಟ್ಟೆಯಲ್ಲಿ ಸುತ್ತಿದ ಗೀತೆ ತಂದು ಮುಂದೆ ಹಿಡಿಯುತ್ತಾರೆ, ಅದರ ಮೇಲೆ ಕೈಯಿಡಲು ನನ್ನಿಂದಾಗುವುದಿಲ್ಲ, ಅಲ್ಲಿಗೆ ಮುಗಿಯಿತು. ಆಗದಿರಲಿ ಎಂದೇ ಒಳಗೊಳಗೆ ಆಸೆ.

ನಿಜವಾದ ಕೋರ್ಟು ಹೇಗಿರುತ್ತದೆ ಗೊತ್ತೇ? ಸುತ್ತಿಗೆ ಇಲ್ಲ, ಕೂಗಾಟ ಇಲ್ಲ, ಢಣ್ ಇಲ್ಲ. ಪಡಿತರದ ಆಫೀಸಿನ ಹಾಗೆ. ಜಡ್ಜಮ್ಮ ನನಗಿಂತ ಚಿಕ್ಕವರು, ನೆಗಡಿಯಾಗಿತ್ತು, ಕರವಸ್ತ್ರ ಹಿಡಿದಿದ್ದರು. ಪಕ್ಕದಲ್ಲೊಬ್ಬಳು ಟೈಪು ಮಾಡುತ್ತಿದ್ದಳು. ಗುಮಾಸ್ತ ಮರಾಠಿಯಲ್ಲಿ ಏನೋ ಗಡಿಬಿಡಿಯಿಂದ ಓದಿದ, ನಾನೂ ಹಾಗೇ ಹೇಳಿದೆ. ಪುಸ್ತಕ ಬರಲಿಲ್ಲ. ಸ್ವಲ್ಪ ಕಾದೆ. ಬರಲೇ ಇಲ್ಲ. ಆಗ ನನಗೆ ಎಂಥ ನೆಮ್ಮದಿಯಾಯಿತು ಎಂದರೆ, ಹೇಳಲು ನಾಚಿಕೆ. ಪುಸ್ತಕ ಮುಟ್ಟಿಸಲಿಲ್ಲ, ಹಾಗಾದರೆ ಇದು ಆಣೆಯೇ ಅಲ್ಲ, ಬರೀ ಮಾತು ಎಂದುಕೊಂಡೆ. ದೇವರಿಗೆ ಲೆಕ್ಕಕ್ಕಿಲ್ಲ. ಗುಮಾಸ್ತ ಓದಿದ್ದೇ ದೇವರ ಹೆಸರಿನ ಪ್ರಮಾಣ ಎಂದು ಆಮೇಲೆ ಗೊತ್ತಾಯಿತು. ಆವಾಗ ಗೊತ್ತಾಗಿದ್ದರೆ ಸತ್ಯ ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎಂದು ಬರೆದು, ಈಗಷ್ಟೇ ಅಳಿಸಿದೆ.

ಸ್ವಾತಿ ಎದುರಿನ ಬೆಂಚಿನಲ್ಲಿದ್ದಳು. ಅವಳ ವಕೀಲ, "ಬೀಗ ಹಾಕಿದ್ದು ನೀವೇ ಅಲ್ಲವಾ?" ಎಂದು ಎರಡು ಸಲ ಕೇಳಿದ. ಎರಡು ಸಲವೂ ಅಲ್ಲ ಎಂದೆ. ಸೀರಿಯಲ್ಲಿನ ಅತ್ತೆಗಿಂತ ಚೆನ್ನಾಗಿಯೇ ಹೇಳಿದೆ, ಕಣ್ಣೀರು ಸಹಿತ. ಅವತ್ತು ಕೆಳಗೆ ಸೇರಿದವರಾರೂ ಕೋರ್ಟಿಗೆ ಬರಲೊಪ್ಪದೆ, ಸರೋಜಕ್ಕನನ್ನು ಸಾಕ್ಷಿಗೆ ಕರೆಯಲು ಸ್ವಾತಿ ಅವಳ ಮನೆಗೆ ಹೋಗಿದ್ದಳಂತೆ. "ನಮ್ಗೆ ಕೋರ್ಟು ಗೀರ್ಟು ಬೇಡಮ್ಮ" ಎಂದು ಅವಳು ಬಾಗಿಲು ಹಾಕಿಕೊಂಡಳು. ಅದಕ್ಕೂ ನಾನು ಹರಕೆ ಹೊತ್ತಿದ್ದೆ.

ಉಳಿದವಳು ಮೈತ್ರಿ. ಜಡ್ಜಮ್ಮ ಅವಳೊಬ್ಬಳನ್ನೇ ತಮ್ಮ ಕೋಣೆಗೆ ಕರೆದರು. ಐದು ನಿಮಿಷ. ಹೊರಗೆ ಬಂದವಳು ಅಮ್ಮನ ಕಡೆ ನೋಡದೆ ನನ್ನ ಸೆರಗು ಹಿಡಿದುಕೊಂಡಳು. ಮಗು ನಮ್ಮದಾಯಿತು. ಸ್ವಾತಿಗೆ ತಿಂಗಳಿಗೆ ಎರಡು ಶನಿವಾರ. ಅವಳು ಟಿಟ್ವಾಳಾದಲ್ಲಿ ಸಣ್ಣ ಮನೆ ಹಿಡಿದು, ದಿನಾ ಅಷ್ಟು ದೂರದಿಂದ ತುರ್ಭೆಗೆ ಓಡಾಡತೊಡಗಿದಳು. ಮೈತ್ರಿ ನನ್ನನ್ನೇ ಆರಿಸಿಕೊಂಡಳು ಎಂದು ನಾನು ಬಿಲ್ಡಿಂಗಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಏಳು ವರ್ಷ.

ಎರಡು ತಿಂಗಳ ಹಿಂದೆ ಅವಳು ಟೈಪು ಕಲಿಸುತ್ತಾ, "ಮನಸ್ಸಿಗೆ ಬಂದದ್ದು ಏನಾದರೂ ಹಾಕು ಅಜ್ಜಿ" ಎಂದಳು. ಬೆರಳಿಗೆ ಏನೂ ಬರಲಿಲ್ಲ, ಬಾಯಿಗೆ ಬಂತು.

"ಆ ದಿನ ಬೀಗ ಹಾಕಿದ್ದು ನಿನ್ನಮ್ಮ ಅಲ್ಲ ಮೈತ್ರಿ. ನಾನು."

ಅವಳು ಫೋನಿನಿಂದ ತಲೆಯೆತ್ತಲಿಲ್ಲ. "ಪತಾ ಹೈ ಅಜ್ಜಿ. ಅಂದರ್ ತೋ ಮೈ ಹೀ ಥೀ ನಾ."

ಗೊತ್ತುಂಟು, ಒಳಗಿದ್ದವಳು ನಾನೇ ಅಲ್ಲವಾ ಎಂದು. ಮುಂದಿನದನ್ನೂ ಅವಳು ಹಿಂದಿಯಲ್ಲೇ ಹೇಳಿದಳು, ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಮತ್ತೆ ಜಡ್ಜಮ್ಮನ ಹತ್ರ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಟಿವಿಯಲ್ಲಿ ಸುಳ್ಳು ಹೇಳಿದವಳನ್ನು ಪೊಲೀಸರು ಕೋರ್ಟಿಂದಲೇ ಎಳ್ಕೊಂಡು ಹೋಗ್ತಿದ್ರಲ್ಲ. ನಿನ್ನನ್ನೂ ಹಾಗೇ ಒಯ್ತಾರೆ ಅಂದ್ಕೊಂಡೆ. ಅದಕ್ಕೆ, ನಂಗೇನೂ ನೆನಪಿಲ್ಲ ಅಂದೆ. ಯಾರು ಬೇಕು ಅಂತ ಕೇಳಿದ್ರು. ಅಜ್ಜಿ ಅಂದೆ."

ಆರು ವರ್ಷದ ಮಗು ನನ್ನನ್ನು ಜೈಲಿನಿಂದ ಉಳಿಸಲು ತನ್ನ ತಾಯಿಯನ್ನು ಬಿಟ್ಟುಕೊಟ್ಟಿತ್ತು. ನಾನು ಅದನ್ನು ಪ್ರೀತಿ ಎಂದು ಊರಿಗೆಲ್ಲ ಸಾರಿದ್ದೆ. ಪ್ರೀತಿಯೇ ಇರಬಹುದು. ಆದರೆ ಅದನ್ನು ತೆಗೆದುಕೊಳ್ಳುವ ಯೋಗ್ಯತೆ ನನಗಿರಲಿಲ್ಲ.

ಕಳೆದ ಶನಿವಾರ ಮೈತ್ರಿಯನ್ನು ಬಿಡಲು ಟಿಟ್ವಾಳಾಕ್ಕೆ ನಾನೇ ಹೋದೆ. ಸ್ವಾತಿ ಬಾಗಿಲು ತೆಗೆದು, ಒಳಗೆ ಬನ್ನಿ ಎನ್ನಲೂ ಇಲ್ಲ, ಹೋಗಿ ಎನ್ನಲೂ ಇಲ್ಲ. ಅವಳ ಕಿವಿಯ ಹಿಂದೆ ಕೂದಲು ಬೆಳ್ಳಗಾಗಿದೆ. ಹೊಸ್ತಿಲಲ್ಲೇ ನಿಂತು, ಕೋರ್ಟಿಗೆ ನಿಜ ಬರೆದುಕೊಡುತ್ತೇನೆ, ಮಗುವನ್ನು ನನಗೆ ಕೊಡಿ ಎಂದು ನೀನು ಅಲ್ಲಿ ಕೇಳಿಕೋ ಎಂದೆ.

"ಇನ್ನೇನು ಕೇಳುದು ಅತ್ತೆ?" ಎಂದಳು. ದನಿಯೇನೂ ಎತ್ತಲಿಲ್ಲ. "ಅವಳ ತಲೆ ಬಾಚುವ ವಯಸ್ಸು ಮುಗಿದುಹೋಯ್ತು. ಈಗ ಅವಳೇ ಬಾಚಿಕೊಳ್ತಾಳೆ."

ಮೆಟ್ಟಿಲಿಳಿಯುವಾಗ ಅವಳು ಮೇಲಿನಿಂದ ಹೇಳಿದಳು, "ಆದ್ರೂ ಬರೆದುಕೊಡಿ."

ಈ ಸಲದ ವಕೀಲೆ ಬೇರೆ, ಕಲ್ಯಾಣದ ಮರಾಠಿ ಹುಡುಗಿ. ಸುಳ್ಳು ಸಾಕ್ಷಿಗೆ ಶಿಕ್ಷೆ ಉಂಟು ಆಜಿ, ಯೋಚನೆ ಮಾಡಿ ಎಂದಳು. ನನ್ನ ಮಂಡಿನೋವಿಗೆ ಜೈಲಿನಲ್ಲಿ ಡಾಕ್ಟರು ಸಿಗುತ್ತಾರಾ ಎಂದು ಕೇಳಿದೆ. ಪಾಪ, ನಗಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ಕಾಗದ ತಯಾರಾಗಿದೆ. ಗುರುವಿಗೆ ಇನ್ನೂ ಹೇಳಿಲ್ಲ. ಸಂಜೆ ಅವನು ಬಂದು ಬೂಟು ಬಿಚ್ಚುವ ಮೊದಲೇ ಹೇಳಬೇಕು. ಅವನು ಕೂತು, ಸುಸ್ತಾದ ಮುಖದಲ್ಲಿ ಒಮ್ಮೆ ಅಮ್ಮ ಎಂದರೆ ನನ್ನ ಬಾಯಿ ಕಟ್ಟುತ್ತದೆ, ನನಗೆ ನನ್ನ ಪರಿಚಯವಿದೆ. ಪತ್ರೊಡೆ ಅವನಿಗೆ ಪ್ರಾಣ. ಕೆಸುವಿನ ಎಲೆ ನಿನ್ನೆಯೇ ತಂದಿಟ್ಟಿದ್ದೆ. ಇವತ್ತು ಮಾಡುವುದಿಲ್ಲ. ಮಾಡಿದರೆ ಲಂಚ ಕೊಟ್ಟ ಹಾಗಾಗುತ್ತದೆ.