ಅಕ್ಕನ ಜೊತೆ ಯುದ್ಧದ ಸಿನಿಮಾ

ಚಿತ್ರಮಂದಿರದ ಕತ್ತಲೆಯಲ್ಲಿ ಪಕ್ಕದವರು ಬಾಯಿ ಬಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಿಪ್ಸ್ ಪೊಟ್ಟಣದ ಪರಪರವನ್ನಾದರೂ ಸಹಿಸಿಯೇನು. ‘ಈಗ ನೋಡು, ಇವನು ಸಾಯ್ತಾನೆ’ ಎಂದು ಮುಂದಿನ ದೃಶ್ಯವನ್ನು ಧರ್ಮಾರ್ಥ ಹಂಚುವ ತ್ರಿಕಾಲಜ್ಞಾನಿಗಳನ್ನು ಸಹಿಸಲಾರೆ. ಮೌನವೇ ಪ್ರೇಕ್ಷಕನ ಭೂಷಣವೆಂದು ಕಂಡಕಂಡಲ್ಲಿ ಭಾಷಣ ಬಿಗಿಯುವ ಇಂಥ ನನ್ನನ್ನು ವಿಧಿಯು ಹೋದ ತಿಂಗಳು ಹಾಸನದ ಚಿತ್ರಮಂದಿರವೊಂದರಲ್ಲಿ ನಮ್ಮಕ್ಕನ ಪಕ್ಕದಲ್ಲೇ ಕೂರಿಸಿತು.

ವಿಧಿಯನ್ನು ಬೈದು ಫಲವಿಲ್ಲ, ಟಿಕೆಟ್ ತೆಗೆದವನು ನಾನೇ. ಅಕ್ಕನ ಮಗಳು ಸವಿತಾ ನಮ್ಮ ಮನೆಯಲ್ಲೇ ಇದ್ದುಕೊಂಡು ಪತ್ರಿಕೆಯೊಂದಕ್ಕೆ ವರದಿ ಮಾಡುತ್ತಾಳೆ. ರಾಮನಾಥಪುರದ ಹೊಗೆಸೊಪ್ಪಿನ ಹರಾಜು, ನುಗ್ಗೇಹಳ್ಳಿಯ ತೆಂಗಿನ ರೋಗ ಎಂದು ಬರೆದುಕೊಂಡಿದ್ದ ಹುಡುಗಿ, ಊರಿಗೆ ಊರೇ ಎರಡಾಗಿ ಬಡಿದಾಡುತ್ತಿರುವ ದೂರದ ಗುಡ್ಡಗಾಡಿಗೆ ಹೋಗುವ ಕೆಲಸವನ್ನು ತಾನೇ ಕೇಳಿ ಪಡೆದಿದ್ದಳು. ಸುದ್ದಿ ತಿಳಿದ ಅಕ್ಕ ಹರದನಹಳ್ಳಿಯಿಂದ ಬಂದು, ಬೇಡವೆನ್ನಲೂ ಆಗದೆ ಹೂಂ ಎನ್ನಲೂ ಆಗದೆ ನಮ್ಮ ಜಗಲಿಯಲ್ಲಿ ಕುಳಿತುಬಿಟ್ಟಳು. ಪೋಸ್ಟರಿನಲ್ಲಿ ಕ್ಯಾಮೆರಾ ಹಿಡಿದು ನಿಂತ ಪತ್ರಕರ್ತೆಯೊಬ್ಬಳನ್ನು ಕಂಡು, ಇದನ್ನು ತೋರಿಸಿದರೆ ಅಕ್ಕನಿಗೆ ಧೈರ್ಯ ಬಂದೀತೆಂದು ಎಣಿಸಿದ ಮಹಾಮೇಧಾವಿ ನಾನು. ಕಥೆ ಏನೆಂದು ವಿಚಾರಿಸುವ ಗೋಜಿಗೇ ಹೋಗಲಿಲ್ಲ.

ಕಥೆ ಅಂತರ್ಯುದ್ಧದ್ದು. ಪರದೆ ತುಂಬ ಗುಂಡು, ಹೊಗೆ, ಹೊತ್ತಿ ಉರಿಯುವ ಬಸ್ಸು. ಅಕ್ಕನಿಗೆ ಆ ಚಿತ್ರದ ಭಾಷೆ ತಿಳಿಯದು, ತಿಳಿಯಬೇಕೆಂದೂ ಇರಲಿಲ್ಲ. “ಆ ಹೆಣ್ಮಗ ಬೆಳಗ್ಗಿಂದ ಒಂದು ತುತ್ತು ಉಂಡಿಲ್ಲ ಕಣ್ಲಾ, ಬರೀ ಓಡ್ತಾನೇ ಅವ್ಳೆ” ಎಂದು ಇಡೀ ಮಂದಿರಕ್ಕೆ ಕೇಳುವಂತೆ ಮರುಗಿದಳು. ಆ ಪತ್ರಕರ್ತೆ ನಾಯಕಿ ಮುರುಕು ಗೋಡೆಯ ಮರೆಯಿಂದ ಇಣುಕಿದಾಗಲಂತೂ “ತಲೆ ತಗ್ಸವ್ವಾ!” ಎಂದು ಕೂಗಿಯೇಬಿಟ್ಟಳು. ಓದುಗ ಮಿತ್ರರೇ, ಸುತ್ತಲಿನವರು ಯಾರೂ ನಗಲಿಲ್ಲ. ನಾನೂ ಅವಳ ಬಾಯಿ ಮುಚ್ಚಿಸುವುದನ್ನು ಬಿಟ್ಟು ಕೈ ಹಿಡಿದುಕೊಂಡೆ. ಕಡೆಗೂ ನಾಯಕಿ ಬದುಕಿಕೊಂಡಳು, ನಾವೂ ಬದುಕಿಕೊಂಡೆವು.

ಹೊರಗೆ ಬಂದ ಅಕ್ಕ ಸೆರಗು ಬಿಗಿದುಕೊಂಡು ಮನೆಯ ಕಡೆ ಬಿರಬಿರನೆ ನಡೆದಳು. ಮಗಳ ಪ್ರಯಾಣಕ್ಕೆ ನಾನೇ ಕಲ್ಲು ಹಾಕಿದೆನಲ್ಲ ಎಂದು ಒಳಗೊಳಗೇ ಹಲುಬುತ್ತಿದ್ದಾಗ ಅವಳೇ ಹೇಳಿದಳು: “ಆ ಊರ್ನೋರ ಗೋಳ ಹೊರಗಿನೋರ್ಗೆ ಹೇಳಾಕೆ ಅವಳೊಬ್ಬಳೇ ಕಣ್ಲಾ ಇದ್ದದ್ದು. ನಮ್ಮುಡುಗೀನೂ ಓಗ್ಲಿ ಬುಡು.” ನನಗೆ ನಮ್ಮಕ್ಕನ ಮೇಲೆ ಅಷ್ಟು ಅಭಿಮಾನ ಹಿಂದೆಂದೂ ಉಕ್ಕಿರಲಿಲ್ಲ.

ಆ ವಾರವೇ ಸವಿತಾ ಹೊರಟಳು. ನಮ್ಮ ಕಡೆ, ನಿಮಗೂ ಗೊತ್ತಿದ್ದೀತು, ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಕೇಳಿದರೆ ಅಪಶಕುನ, ಹೊರಟವರು ಮತ್ತೆ ಒಳಗೆ ಬಂದು, ಕೂತು, ನೀರು ಕುಡಿದೇ ಹೊರಡಬೇಕು. ಈ ಶಾಸ್ತ್ರಕ್ಕೆ ಅಕ್ಕನೇ ನಮ್ಮ ಮನೆತನದ ಸುಪ್ರೀಂ ಕೋರ್ಟು. ಚಿಕ್ಕಂದಿನಲ್ಲಿ ಬಾಯಿತಪ್ಪಿ ಕೇಳಿದಾಗಲೆಲ್ಲ ನನ್ನ ಬೆನ್ನಿಗೆ ಅವಳ ಗುದ್ದು ಬಿದ್ದಿದೆ.

ಆಟೋ ಬಂತು. ಸವಿತಾ ಕಾಲಿಗೆ ನಮಸ್ಕರಿಸಿ, ಚೀಲ ಹೆಗಲಿಗೇರಿಸಿ ಗೇಟು ದಾಟಿದಳು. ಆಗ ಬಾಗಿಲಲ್ಲಿ ನಿಂತಿದ್ದ ಅಕ್ಕ ಸ್ಪಷ್ಟವಾಗಿ, ಎತ್ತರದ ದನಿಯಲ್ಲಿ ಕೇಳಿದಳು:

“ಎಲ್ಲಿಗವ್ವಾ ಓಯ್ತಿದ್ದೀಯೆ?”

ಸವಿತಾ ತಿರುಗಿ ತಾಯಿಯ ಮುಖ ನೋಡಿದಳು. ಒಳಗೆ ಬಂದು, ಚೀಲ ಇಳಿಸಿ, ಅವಳನ್ನೂ ಕೂರಿಸಿ, ಒತ್ತಿಕೊಂಡು ಕುಳಿತಳು. ನೀರು ತರಲು ನಾನು ದಡಬಡಿಸಿ ಹೊರಟೆ.

“ನಿಧಾನಕ್ಕೆ ತಕ್ಕಂಬಾರ್ಲಾ” ಎಂದಳು ಅಕ್ಕ.

ಅಡುಗೆಮನೆಯಲ್ಲಿ ನಾನು ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯತೊಡಗಿದೆ.